ಭಾವ ನೋಡಿದ ಹುಣ್ಣಿಮೆ

"ಬಾಯಿ ಮುಚ್ಚೋ! ಹುಣ್ಣಿಮೆ ಹತ್ರದ ಬೆಳದಿಂಗಳಲ್ಲಿ ಬಲೆ ಬಿಡೋದೂ ಒಂದೇ, ಓಡಿಹೋಗ್ರಪ್ಪ ಅಂತ ಮೀನಿಗೆ ಡಂಗುರ ಸಾರೋದೂ ಒಂದೇ. ಇವತ್ತು ದೋಣಿ ಬಿಡಲ್ಲ ಅಂದ್ರೆ ಬಿಡಲ್ಲ!"

"ಎಲ್ಲಿದೆ ಭಾವ ಬೆಳದಿಂಗಳು? ನಿಮ್ಮ ಬೋಳು ತಲೆ ಮೇಲೆ ಹೊಳೀತಿರೋದು ಬಿಟ್ರೆ ನಂಗೆಲ್ಲೂ ಕಾಣ್ತಿಲ್ಲ!"

"ನನ್ನ ತಲೆ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ."

"ಉದುರಿಸಿ. ಹಲ್ಲಿಟ್ಕೊಂಡು ಏನು ಮಾಡ್ಲಿ, ಕಡಿಯೋಕೆ ಮನೇಲಿ ಒಂದು ಮೀನಿಲ್ಲ!"

ದೋಣಿ ಕಟ್ಟುವ ದಕ್ಕೆಯ ಪಕ್ಕದ ಬಲೆ ಕೋಣೆಯಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಶುರುವಾದ ಜಗಳ ಇದು. ಕೋಣೆ ಎಂದರೆ ತಗಡಿನ ಮಾಡು, ಗೂಟಗಳಿಗೆ ನೇತುಹಾಕಿದ ಬಲೆಗಳು, ಮೂಲೆಯಲ್ಲಿ ಡೀಸೆಲ್ ಕ್ಯಾನು, ಇಬ್ಬರು ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕು. ಅಷ್ಟು ಜಾಗದಲ್ಲಿ ಭಾವ, ಭಾವಮೈದ ಇಬ್ಬರೂ ಮೂಗಿಗೆ ಮೂಗು ತಾಗಿಸಿಕೊಂಡು ಕೂಗಾಡುತ್ತಿದ್ದರು.

ಭಾವಮೈದನನ್ನು ದಕ್ಕೆಯವರೆಲ್ಲ ಬಿರುಗಾಳಿ ಎಂದೇ ಕರೆಯುತ್ತಿದ್ದರು. ಸಿಟ್ಟಿಗೂ ಆ ಹೆಸರು ಸಲ್ಲುತ್ತಿತ್ತು, ಕಸುಬಿಗೂ ಸಲ್ಲುತ್ತಿತ್ತು. ಮೀನು ಸಿಗುವುದು ಗಾಳಿಯ ಮೇಲೆ ಎಂಬುದು ಅವನ ವಾದ. ಗಾಳಿ ನಾಲ್ಕು ದಿನ ಬೀಸಿ ನೀರು ಕಲಕಿ, ಆಮೇಲೆ ಸುಮ್ಮನಾಯಿತೆಂದರೆ ಬಂಗಡೆ ಗುಂಪುಗುಂಪಾಗಿ ದಡದ ಕಡೆಗೆ ಬರುತ್ತದೆ, ಆಗ ಹೋಗಬೇಕು. ಭಾವನದು ಚಂದ್ರನ ಲೆಕ್ಕ. ಬೆಳದಿಂಗಳಿದ್ದರೆ ಮೀನಿಗೆ ಬಲೆ ಕಾಣುತ್ತದೆ, ಆಳಕ್ಕೆ ಇಳಿದುಬಿಡುತ್ತದೆ. ಕತ್ತಲಿದ್ದರೆ ಮೇಲೆ ಬರುತ್ತದೆ. ಇಬ್ಬರ ಮಾತೂ ನಿಜವಾದ್ದರಿಂದ ಜಗಳ ಇಷ್ಟು ವರ್ಷವಾದರೂ ಮುಗಿದಿರಲಿಲ್ಲ. ಮುಗಿಯಲಿ ಎಂಬ ಆಸೆ ಇಬ್ಬರಿಗೂ ಇದ್ದಂತಿರಲಿಲ್ಲ. ದೋಣಿಯಲ್ಲಿ ಚುಕ್ಕಾಣಿ ಭಾವನದು, ಬಲೆ ಬಿರುಗಾಳಿಯದು. ಬಿರುಗಾಳಿಯ ಅಕ್ಕನ ಕೈಹಿಡಿದ ವರ್ಷವೇ ಭಾವ ಈ ಮೊಂಡನನ್ನೂ ದೋಣಿಗೆ ಹತ್ತಿಸಿಕೊಂಡಿದ್ದ. ಚುಕ್ಕಾಣಿಯ ಹಿಡಿಗೆ ಅಕ್ಕ ಹಳೆ ಸೀರೆಯ ಅಂಚು ಸುತ್ತಿ ಹೊಲಿದಿದ್ದಳು. ಆ ಹಿಡಿಯನ್ನು ಭಾವ ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ಯಾರೂ ಕಂಡಿಲ್ಲ.

"ಗಾಳಿ ನಿಂತಿದೆ ಭಾವ. ಬೆಳಿಗ್ಗೆಯಿಂದ ಒಂದು ಎಲೆ ಅಲ್ಲಾಡಿಲ್ಲ. ಇವತ್ತು ಬಿಟ್ರೆ ಇಂಥ ದಿನ ಸಿಗಲ್ಲ."

"ಗಾಳಿ ನಿಂತ್ರೆ ನಿಲ್ಲಲಿ. ನೀರು ದಕ್ಕೆ ಮೂರನೇ ಮೆಟ್ಟಿಲಿಗೆ ಬಂದಿದೆ. ಕಾಲಿಟ್ಟು ನೋಡ್ಕೊಂಡು ಬಂದಿದೀನಿ, ಮೊಣಕಾಲಿನ ತನಕ ನೆನೀತು. ಹುಣ್ಣಿಮೆ ಹತ್ರ ಬರದೆ ಉಬ್ಬರ ಅಷ್ಟು ಏರುತ್ತೇನೋ? ನಂಗೆ ಪಾಠ ಹೇಳ್ತೀಯಾ?"

"ಅಯ್ಯೋ, ಇಷ್ಟು ದಿನ ಗಾಳಿ ಸಮುದ್ರದಿಂದ ಒಂದೇ ಸಮ ನೂಕಿದೆ. ನೀರೆಲ್ಲ ದಡಕ್ಕೆ ಬಂದು ರಾಶಿ ಬಿದ್ದಿದೆ, ಅದಕ್ಕೂ ಚಂದ್ರನಿಗೂ ಏನು ಸಂಬಂಧ? ಮನೇಲಿ ಕ್ಯಾಲೆಂಡರ್ ಇಲ್ವಾ?"

"ಕ್ಯಾಲೆಂಡರ್ ಬಂದು ಮೀನು ಹಿಡಿಯುತ್ತಾ?"

ಬಿರುಗಾಳಿಗೆ ತಾಳ್ಮೆ ಕೆಟ್ಟಿತು. ಭಾವನ ರಟ್ಟೆ ಹಿಡಿದು ಬಾಗಿಲಾಚೆ ಎಳೆದುಕೊಂಡು ಬಂದ. ಮೋಡ ಚೆದುರಿತ್ತು. ಐಸ್ ಕಾರ್ಖಾನೆಯ ಮಾಡಿನ ಮೇಲೆ, ಹಗಲಿನ ನೀಲಿಯಲ್ಲಿ, ಮುರಿದ ಬಿಲ್ಲೆಯಂತೆ ಅರ್ಧ ಚಂದ್ರ ತೆಳ್ಳಗೆ ನಿಂತಿತ್ತು.

"ನೋಡಿ! ಕಣ್ಣಾರೆ ನೋಡಿ! ಈಗ ಹೇಳಿ!"

ಭಾವ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೆದ್ದವನಂತೆ ಗಂಟಲು ಸರಿಮಾಡಿಕೊಂಡ.

"ನೋಡ್ದೆ. ತಟ್ಟೆ ಇದ್ದ ಹಾಗಿದೆ. ಏನೋ ಒಂದು ಚೂರು ಅಂಚು ಕಮ್ಮಿ ಇರಬಹುದು."

ಬಿರುಗಾಳಿ ತಿರುಗಿ ಭಾವನ ಮುಖ ನೋಡಿದ. ಭಾವ ನೋಡುತ್ತಿದ್ದುದು ಐಸ್ ಕಾರ್ಖಾನೆಯ ಕಡೆಯೇ ಅಲ್ಲ. ಅವನ ಮುಖವಿದ್ದುದು ಎದುರು ದಿಕ್ಕಿನ ನೀರಿನ ಟ್ಯಾಂಕಿನ ಕಡೆಗೆ.

ಹೋದ ತಿಂಗಳು ದೋಣಿ ದಕ್ಕೆಗೆ ಗುದ್ದಿದ್ದು ನೆನಪಾಯಿತು. ಅಲೆ ತಳ್ಳಿತು ಎಂದಿದ್ದ ಭಾವ. ಅಲೆ ಇರಲೇ ಇಲ್ಲ. ಬಲೆಯ ಗಂಟನ್ನು ಬೆರಳಲ್ಲಿ ತಡಕಿ ತಡಕಿ ಹುಡುಕುತ್ತಿದ್ದುದು, ಟೀ ಲೋಟ ತಾನೇ ಎತ್ತಿಕೊಳ್ಳದೆ "ಕೊಡೋ" ಎಂದು ಕೈ ಚಾಚುತ್ತಿದ್ದುದು, ಎಲ್ಲವೂ ಸಾಲಾಗಿ ಬಂದು ನಿಂತವು. ಅಕ್ಕ? ಅಕ್ಕ ಸಂಜೆ ಸಂಜೆ ಮಹಡಿಯಿಂದ ಒಣಗಿದ ಬಟ್ಟೆ ತೆಗೆದುಕೊಂಡು ಇಳಿಯುವಾಗ, "ಇವತ್ತು ಚಂದ್ರ ಉಗುರಿನಷ್ಟು ನೋಡಿ," "ಇವತ್ತು ಮುಕ್ಕಾಲಾಗಿದೆ ನೋಡಿ," ಎಂದು ಗಂಡನಿಗೆ ಹೇಳುತ್ತಿದ್ದಳು. ಅದು ಗಂಡ ಹೆಂಡತಿಯ ಸರಸ ಅಂದುಕೊಂಡು ಬಿರುಗಾಳಿ ಒಳಗೊಳಗೇ ನಕ್ಕಿದ್ದ. ಆ ಅಕ್ಕ ಮಗಳ ಮನೆಗೆ ಹೋಗಿ ತಿಂಗಳಾಗುತ್ತ ಬಂದಿತ್ತು. ಹೇಳುವವರಿಲ್ಲದೆ ಭಾವ ಚಂದ್ರನನ್ನು ದಕ್ಕೆಯ ಮೆಟ್ಟಿಲಲ್ಲಿ ಕಾಲಿಟ್ಟು ಹುಡುಕಿದ್ದ.

ಬಿರುಗಾಳಿ ಹಿಡಿದಿದ್ದ ಭಾವನ ರಟ್ಟೆ ಬಿಟ್ಟ.

"ಹೌದು ಭಾವ," ಎಂದ ಮೆತ್ತಗೆ. "ನೀವು ಹೇಳಿದ್ದೇ ಸರಿ. ತಟ್ಟೆ ಥರಾನೇ ಇದೆ. ಇವತ್ತು ಬೇಡ ಬಿಡಿ."

ಭಾವ ಹಣೆಯ ಮೇಲಿನ ಕೈ ಇಳಿಸಿದ. ಇಷ್ಟು ವರ್ಷದಲ್ಲಿ ಈ ಮನುಷ್ಯ ಒಂದು ದಿನ, ಒಂದೇ ಒಂದು ದಿನ, ತನ್ನ ಮಾತಿಗೆ ಹೂಂ ಅಂದವನಲ್ಲ. ಮಳೆ ಸುರಿಯುವಾಗ ಮಳೆ ಬರ್ತಿದೆ ಅಂದರೂ ಇಲ್ಲ ಅನ್ನುವ ಜಾತಿ.

"ಏನಂದೆ?"

"ನೀವೇ ಸರಿ ಅಂದೆ."

"ಹಾಗಾದ್ರೆ ನಾನು ತಪ್ಪು." ಭಾವ ಬಾಗಿಲ ಕಟ್ಟೆ ಮೇಲೆ ಕೂತ. "ಎಷ್ಟಿದೆಯೋ?"

"ಭಾವ..."

"ಎಷ್ಟಿದೆ ಹೇಳೋ ಕತ್ತೆ."

"ಅರ್ಧ."

"ಅರ್ಧ," ಎಂದ ಭಾವ. ಆಮೇಲೆ ಅವನಿಗೆ ನಗು ಬಂತು. "ನಿನ್ನಕ್ಕ ಇದ್ದಿದ್ರೆ ಕಾಲು ಭಾಗ ತಪ್ಪಿದ್ರೂ ಬೈತಿದ್ಲು. ಅವಳೇ ನನ್ನ ಪಂಚಾಂಗ ಕಣೋ. ಬೆಳಕಿದೆ ಅಂತ ಗೊತ್ತಾಗುತ್ತೆ, ಆಕಾರ ಗೊತ್ತಾಗಲ್ಲ. ಆಪರೇಷನ್ ಮಾಡ್ಸಿ ಅಂತ ಪ್ರಾಣ ತಿಂತಾಳೆ. ಕಣ್ಣು ಕಟ್ಕೊಂಡು ಮೂಲೇಲಿ ಕೂತ್ರೆ ಚುಕ್ಕಾಣಿ ಯಾರು ಹಿಡೀತಾರೆ, ಈ ಗಾಳಿಪಟಾನಾ ಅಂತ ನಾನೇ ಮುಂದೆ ಹಾಕ್ತಾ ಬಂದೆ."

"ನಾನ್ ಹಿಡಿಯಲ್ಲ. ನೀವಿಲ್ದೆ ನಾನು ದೋಣಿ ಹತ್ತಲ್ಲ. ಯಾರ ಹತ್ರ ಜಗಳ ಆಡ್ಲಿ ನಾನು, ಇಂಜಿನ್ ಹತ್ರಾನಾ?"

"ಅದೂ ನಿನ್ ಥರಾನೇ, ಬೆಳಿಗ್ಗೆ ಎದ್ದ ಕೂಡ್ಲೆ ಕೆಮ್ಮುತ್ತೆ. ಹೊಂದ್ಕೊಳ್ತೀರಿ."

ಭಾವ ಎದ್ದ. ಮೊಳೆಗೆ ನೇತುಹಾಕಿದ್ದ ಟೋಪಿ ತಡಕಿ ತಲೆಗೇರಿಸಿದ. ಬಾಗಿಲ ಬಳಿ ನಿಂತು ಬಿರುಗಾಳಿಯ ಬೆನ್ನಿಗೆ ಒಂದು ಗುದ್ದು ಹಾಕಿದ. ನೋವಾಗುವ ಗುದ್ದೇ.

"ಬಲೆ ಹತ್ತಿಸ್ತಿರು. ಐಸ್ ಹೇಳಿ ಬರ್ತೀನಿ."

"ಹೂಂ. ಬೇಗ ಬನ್ನಿ. ದಾರೀಲಿ ಯಾರ ಹತ್ರಾನೂ ಹರಟೆ ಹೊಡೀಬೇಡಿ."

"ಹೋಗೋ, ಹೇಳೋಕೆ ಬಂದ."

ಗೋಡೆಯ ಮೇಲೆ ಅಂಗೈ ಆಡಿಸುತ್ತ ಭಾವ ಓಣಿಯ ತಿರುವು ದಾಟಿದ. ಬಿರುಗಾಳಿ ಬಲೆ ಹತ್ತಿಸಿದ, ಡೀಸೆಲ್ ಸುರಿದ, ಹಗ್ಗ ಸುತ್ತಿಟ್ಟ. ಭಾವ ಕೂರುವ ಹಲಗೆಯನ್ನು ಬಟ್ಟೆಯಿಂದ ಒರೆಸಿದ. ಓಣಿಯ ಕಡೆ ನೋಡಿದ. ಮತ್ತೆ ಒರೆಸಿದ.

ಬಂದದ್ದು ಐಸಿನವನ ಕೈಗಾಡಿ. ಬೆಟ್ಟದಂಥ ಆಳು, ಐಸನ್ನು ದೋಣಿಗೆ ಸುರಿದವನು ಇಳಿಯಲಿಲ್ಲ. ಗೋಣಿ ಕೊಡವಿ ಮೂಲೆಯಲ್ಲಿ ಕೂತುಬಿಟ್ಟ.

"ಏನಯ್ಯಾ, ಅಲ್ಲೇ ಬೇರು ಬಿಟ್ಯಾ?"

"ನಿಮ್ಮ ಭಾವ ನಿನ್ ಜೊತೆ ಹೋಗು ಅಂದ್ರು. ಬಲೆ ಎಳೆಯೋಕೆ ಬರುತ್ತೆ ನಂಗೆ. ಅರ್ಧ ಚಂದ್ರ ಮುಳುಗಿದ ಮೇಲೇ ಬಲೆ ಬಿಡಬೇಕಂತೆ. ಅದಕ್ಕೆ ಮೊದ್ಲು ಬಿಟ್ರೆ ನಿನ್ನ ಕೈ ಮುರೀತಾರಂತೆ."

"ಅವರೆಲ್ಲಿ?"

"ಅಂಗಡಿ ಫೋನಲ್ಲಿ ನಿಮ್ಮಕ್ಕನ ಹತ್ರ ಮಾತಾಡ್ತಿದ್ರು. ಡಾಕ್ಟ್ರು, ತಾರೀಕು ಏನೋ ಹೇಳ್ತಿದ್ರು. ಆಮೇಲೆ ಮನೆ ದಾರಿ ಹಿಡಿದ್ರಪ್ಪ."

ಬಿರುಗಾಳಿ ದಕ್ಕೆಯ ಮೇಲೆ ಇನ್ನಷ್ಟು ಹೊತ್ತು ನಿಂತ. ಬೇರೆ ದೋಣಿಗಳು ಒಂದೊಂದಾಗಿ ಹೊರಟವು. ಓಣಿಯ ಬಾಯಲ್ಲಿ ಬೆಕ್ಕೊಂದು ಬಂದು ಕೂತಿತು, ಎದ್ದು ಹೋಯಿತು. ಭಾವ ಬರಲಿಲ್ಲ.

"ಹೇಳದೆ ಕೇಳದೆ ಹೋದ್ರಲ್ಲಯ್ಯ, ಎಂಥ ಮನುಷ್ಯ!" ಎಂದು ಯಾರಿಗೂ ಅಲ್ಲದೆ ಬೈದು, ಮೂಗು ಒರೆಸಿಕೊಂಡು, ಭಾವನ ಹಲಗೆಯ ಮೇಲೆ ಹೋಗಿ ಕೂತ. ಚುಕ್ಕಾಣಿಯ ಹಿಡಿಗೆ ಸುತ್ತಿದ್ದ ಅಕ್ಕನ ಸೀರೆ ಅಂಚು ಅಂಗೈಯಷ್ಟಗಲ ಸವೆದು ನುಣ್ಣಗಾಗಿತ್ತು. ಅಲ್ಲಿ ಕೈಯಿಟ್ಟು ಇಂಜಿನ್ ಚಾಲೂ ಮಾಡಿದ. ಅದು ಕೆಮ್ಮಿತು.