ಪತ್ತನಾಜೆಗೆ ನೆಟ್ಟ ಹಲ್ಲು

ಬಸ್ಸಿನಿಂದ ವಸ್ತು ಬೀಳುವುದು ತಿರುವಿನಲ್ಲಲ್ಲ, ತಿರುವು ಮುಗಿದು ಬಸ್ಸು ನೆಟ್ಟಗಾಗುವ ಜಾಗದಲ್ಲಿ. ಇಪ್ಪತ್ತೆಂಟು ವರ್ಷ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದು ನಿವೃತ್ತನಾದ ತುಕ್ರಪ್ಪ ಕಂಡುಕೊಂಡ ಸತ್ಯ ಇದು. ಮೂಡಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ ಅಂಥ ಜಾಗಗಳು ಹದಿನೇಳು ಇದ್ದವು. ಮನೆಗೆ ಹತ್ತಿರದ ಎರಡು ಜಾಗಗಳಿಗೆ ಅವನೂ ಮಗಳ ಮಗಳು ಅಮ್ಮಣಿಯೂ ದಿನಾ ಬೆಳಗ್ಗೆ ಎಂಟು ಗಂಟೆಯ ಬಸ್ಸು ಹೋದ ಮೇಲೆ ಹೋಗುತ್ತಿದ್ದರು. ಅವನ ಕೈಯಲ್ಲಿ ತುದಿಗೆ ಮೊಳೆ ಹೊಡೆದ ಬೆತ್ತ, ಅವಳ ಕೈಯಲ್ಲಿ ಮಣ್ಣು ಕೆದಕಲು ತೆಂಗಿನ ಗೆರಟೆಯ ಚಿಪ್ಪು. ಅಮ್ಮಣಿಗೆ ಆಗ ಎರಡು ವರ್ಷ ಎಂಟು ತಿಂಗಳು. ತಾಯಿ ಬೀಡಿ ಕಟ್ಟಲು ಕೂತರೆ ಎಲೆಯನ್ನೆಲ್ಲ ಹರಿಯುತ್ತಿದ್ದಳೆಂದು ಅವಳನ್ನು ಅಜ್ಜನ ವಶಕ್ಕೆ ಕೊಟ್ಟಿದ್ದರು.

ಒಂದು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು: ಎತ್ತಿನ ಲಾಳ ಒಂಬತ್ತು, ಸೋಡಾ ಗೋಲಿ ನಾಲ್ಕು, ಅಂಗಿಯ ಹಿತ್ತಾಳೆ ಗುಂಡಿ ಒಂದು, ಬಸ್ಸಿನದೇ ನಟ್ಟು ಒಂದು, ಎಡಗಾಲಿನ ಚಪ್ಪಲಿ ಮೂರು. ನಟ್ಟನ್ನು ಡ್ರೈವರಿಗೆ ತೋರಿಸಿದಾಗ, ಅದಿಲ್ಲದೆಯೂ ಬಸ್ಸು ಓಡುತ್ತಿದೆಯಲ್ಲ, ನೀವೇ ಇಟ್ಟುಕೊಳ್ಳಿ ಎಂದಿದ್ದ. ಬಲಗಾಲಿನ ಚಪ್ಪಲಿ ಯಾಕೆ ಬೀಳುವುದಿಲ್ಲ ಎಂಬುದಕ್ಕೆ ಮಾತ್ರ ತುಕ್ರಪ್ಪನಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಇದಿನಬ್ಬನ ಸೈಕಲ್ ಬೆಲ್ಲಿನ ಮುಚ್ಚಳ ಕಳೆದುಹೋದಾಗ ಅಜ್ಜ-ಮೊಮ್ಮಗಳು ಹತ್ತೇ ನಿಮಿಷದಲ್ಲಿ ಹುಡುಕಿ ಕೊಟ್ಟಿದ್ದರು. ಅಂದಿನಿಂದ ಊರಿನಲ್ಲಿ ಅವರಿಗೆ ಹೆಸರು ಬಂದಿತ್ತು.

1961ರ ಮೇ 24, ಬುಧವಾರ, ತುಳುವರ ಬೇಸ ತಿಂಗಳ ಹತ್ತನೆಯ ದಿನ, ಪತ್ತನಾಜೆ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕು, ತರಕಾರಿ ಬೀಜ ಹಾಕಬೇಕು ಎಂಬುದು ತುಳುನಾಡಿನ ರೂಢಿ. ಮಳೆ ಬಿತ್ತು. ತುಕ್ರಪ್ಪ ಬೆಂಡೆ, ಹೀರೆ, ಮುಳ್ಳುಸೌತೆ ಹಾಕಿದ. ಒಂದು ತೆಂಗಿನ ಸಸಿಯನ್ನೂ ನೆಟ್ಟು, ಗುಂಡಿಗೆ ಒಂದು ಮುಷ್ಟಿ ಉಪ್ಪು ಸುರಿದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅಮ್ಮಣಿಗೆ ಎರಡು ವಿಷಯ ಕಲಿಸಿದ. ಪತ್ತನಾಜೆಗೆ ಒಂದು ಹಾಕಿದರೆ ನೂರು ಬರುತ್ತದೆ. ಮತ್ತೆ, ಹಾಕಿದ್ದನ್ನು ಅಗೆದು ನೋಡಬಾರದು, ನೋಡಿದರೆ ಮೊಳೆಯುವುದಿಲ್ಲ.

ಕೆಲಸ ಮುಗಿಸಿ ಕೈಕಾಲು ತೊಳೆದು ಬಂದು ನೋಡಿದರೆ, ಜಗಲಿಯ ಮೇಲೆ ಹಿತ್ತಾಳೆ ಲೋಟದಲ್ಲಿ ನೀರಿತ್ತು, ಹಲ್ಲಿರಲಿಲ್ಲ.

ಅದು ಮೇಲಿನ ದವಡೆಗೆ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್ಟು. ಮಂಗಳೂರಿಗೆ ಆರು ಸಲ ಬಸ್ಸಿನಲ್ಲಿ ಹೋಗಿ ಮಾಡಿಸಿಕೊಂಡದ್ದು. ಬಗ್ಗಿ ಅಗೆಯುವಾಗ ಜಾರುತ್ತದೆಂದು ಲೋಟಕ್ಕೆ ಹಾಕಿ ಹೋಗಿದ್ದ. ಮಾಡಿಸಿದ್ದಕ್ಕೆ ಕಾರಣವೂ ಇತ್ತು. ಭಾನುವಾರ ಅವನ ತಂಗಿ ಕಾವೇರಮ್ಮನ ಮಗಳು ಗುಲಾಬಿಯ ನಿಶ್ಚಿತಾರ್ಥ, ಅವನದೇ ಮನೆಯ ಚಾವಡಿಯಲ್ಲಿ. ಅವರದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆತನ. ಹೆಣ್ಣಿನ ಕಡೆಯಿಂದ ಮಾತು ಕೊಡಬೇಕಾದವನು ತಂದೆಯಲ್ಲ, ಸೋದರಮಾವ. ವೀಳ್ಯ ಹಿಡಿದು ಎರಡೂ ಕಡೆಯವರಿಗೆ ಸ್ಪಷ್ಟವಾಗಿ ಕೇಳುವಂತೆ ಹೇಳಬೇಕು. ಹಲ್ಲಿಲ್ಲದೆ ತುಕ್ರಪ್ಪನ ಬಾಯಿಯಿಂದ ಬರುತ್ತಿದ್ದುದು ಮುಕ್ಕಾಲು ಪಾಲು ಗಾಳಿ. ಗಂಡಿನ ಸೋದರಮಾವ ಪೊಳಲಿಯ ಮಾಯಿಲಪ್ಪ ಬಹಳ ಬಿಗಿಯ ಮನುಷ್ಯ, ಮಾತೇ ಆಡುವುದಿಲ್ಲ, ಎಲ್ಲವನ್ನೂ ತೂಗಿ ನೋಡುತ್ತಾನೆ ಎಂದು ಸುದ್ದಿಯಿತ್ತು.

ಹೆಂಡತಿ ಪೂವಮ್ಮ ಮೊದಲು ಕೋಳಿಯ ಮೇಲೆ ಸಂಶಯಪಟ್ಟಳು, ಆಮೇಲೆ ಕಾಗೆಯ ಮೇಲೆ. ಕೊನೆಗೆ ಅಮ್ಮಣಿಯ ಉಗುರಿನೊಳಗಿನ ಮಣ್ಣು ನೋಡಿದಳು.

“ಅಜ್ಜನ ಹಲ್ಲು ಎಲ್ಲುಂಟು ಮಗಾ?”

“ನೆಟ್ಟೆ.”

“ನೆಟ್ಟೆಯಾ? ಯಾಕೆ?”

“ಅಜ್ಜಿಗೆ.”

ಪೂವಮ್ಮನ ಬಾಯಲ್ಲಿ ಉಳಿದದ್ದು ಐದು ಹಲ್ಲು. ಗಂಡ ಹೊಸ ಹಲ್ಲಿನಲ್ಲಿ ಚಕ್ಕುಲಿ ಕಡಿಯುವಾಗಲೆಲ್ಲ, ನನಗೂ ಒಂದು ಸೆಟ್ಟು ಬೇಕು ಎಂದು ಅವಳು ಹಂಗಿಸುತ್ತಿದ್ದುದು ನಿಜ. ಅವಳಿಗೆ ಸಿಟ್ಟು ಮಾಡಲು ಆಗಲಿಲ್ಲ. ಎಲ್ಲಿ ನೆಟ್ಟದ್ದು ಎಂದು ಮೆತ್ತಗೆ ಕೇಳಿದಳು.

“ಅಗೆಯಬಾರದು” ಎಂದಳು ಅಮ್ಮಣಿ.

ತುಕ್ರಪ್ಪ ಒಂದು ತುಂಡು ಬೆಲ್ಲ ಕೊಟ್ಟು ಕೇಳಿದ. ಅವಳು ಬೆಲ್ಲ ತಿಂದು ಬಾವಿಯ ಕಡೆ ಕೈ ತೋರಿಸಿದಳು. ಎರಡನೆಯ ತುಂಡಿಗೆ ಗೇಟಿನ ಕಡೆ, ಮೂರನೆಯದಕ್ಕೆ ಆಕಾಶದ ಕಡೆ. ನಾಲ್ಕನೆಯದನ್ನು ಪೂವಮ್ಮ ಕೊಡಲು ಬಿಡಲಿಲ್ಲ. ಅಂಗಳದಲ್ಲಿ ಮಗುವಿನ ಗೆರಟೆಯಿಂದಾದ ಗುಂಡಿಗಳು ಮೊದಲೇ ಬೇಕಾದಷ್ಟಿದ್ದವು. ತುಕ್ರಪ್ಪ ಗುರುವಾರ ಹದಿನಾಲ್ಕನ್ನು ಅಗೆದ, ಶುಕ್ರವಾರ ಇಪ್ಪತ್ತೊಂದನ್ನು. ಎರಡು ಸೋಡಾ ಗೋಲಿ, ಒಂದು ಚಮಚ, ಪೂವಮ್ಮ ಮದುವೆಯ ವರ್ಷ ಕಳೆದುಕೊಂಡಿದ್ದ ಅಡಿಕೆ ಕತ್ತರಿ ಸಿಕ್ಕಿದವು. ಅಮ್ಮಣಿ ಹಿಂದಿನಿಂದಲೇ ಬಂದು, ಅವನು ಅಗೆದ ಒಂದೊಂದು ಗುಂಡಿಯನ್ನೂ ಮುಚ್ಚುತ್ತಿದ್ದಳು. ಬೆಳಗ್ಗೆ ಅವಳು ಎಲ್ಲಿ ನೀರು ಹಾಕುತ್ತಾಳೆಂದು ಕಾದು ನೋಡಿದ್ದೂ ಆಯಿತು. ಅವಳು ಬೆಂಡೆಗೆ, ಕಲ್ಲಿಗೆ, ಕೋಳಿಗೆ, ಅಜ್ಜನ ಪಾದಕ್ಕೆ ಸಮನಾಗಿ ಹಾಕಿದಳು.

ಇದಿನಬ್ಬ ಸೈಕಲ್ ನಿಲ್ಲಿಸಿ ಬೇಲಿಯಾಚೆಯಿಂದ ನೋಡಿದ. “ಏನು ಮಾರಾಯ್ರೇ, ಊರಿನವರದ್ದೆಲ್ಲ ಹುಡುಕಿ ಕೊಡುವವರು ಸ್ವಂತ ಬಾಯಿದ್ದೇ ಕಳ್ಕೊಂಡ್ರಾ?”

ತುಕ್ರಪ್ಪ ಉತ್ತರ ಕೊಟ್ಟ. ಏನೆಂದು ಇದಿನಬ್ಬನಿಗೆ ತಿಳಿಯಲಿಲ್ಲ, ಅದು ಬೈಗುಳ ಎಂಬುದಷ್ಟೇ ತಿಳಿಯಿತು.

ಶನಿವಾರ ಬೆಳಗ್ಗೆ ಕಾವೇರಮ್ಮ ಬಂದು ಅಣ್ಣನನ್ನು ಮುಂದೆ ಕೂರಿಸಿ ನಾಳೆಯ ಮಾತನ್ನು ಹೇಳಿಸಿದಳು. ಮೂರು ಸಲ ಕೇಳಿ ಸೆರಗಿನಿಂದ ಮುಖದ ಮೇಲಿನ ಹನಿ ಒರೆಸಿಕೊಂಡಳು. “ಅಣ್ಣಾ, ಇದು ಮಾತು ಕೊಟ್ಟ ಹಾಗೆ ಇಲ್ಲ. ಅವರು ಎದ್ದು ಹೋದರೆ ನನ್ನ ಮಗಳ ಗತಿ ಏನು?” ಎಂದಳು. ಮೂಲೆಯಲ್ಲಿ ಗುಲಾಬಿ ತಲೆ ತಗ್ಗಿಸಿ ಕೂತಿದ್ದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಗಂಜಿಗೆ ಹಾಕಲು ಒಲೆಯ ಬದಿಯ ಭರಣಿಯಲ್ಲಿ ಉಪ್ಪು ಮುಗಿದು, ಪೂವಮ್ಮ ಉಪ್ಪಿನ ದೊಡ್ಡ ಮರಿಗೆಗೆ ಕೈ ಹಾಕಿದರೆ ತಳ ಸಿಕ್ಕಿತು. ಮಂಗಳವಾರ ತಾನೇ ತುಂಬಿಸಿಟ್ಟದ್ದು. ತೆಂಗಿಗೆ ಎಷ್ಟು ಹಾಕಿದಿರಿ ಎಂದು ಗಂಡನನ್ನು ಕೇಳಿದಳು. ಅವನು ಒಂದು ಮುಷ್ಟಿ ತೋರಿಸಿದ. ಪೂವಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದಳು. ಎರಡು ದಿನದಿಂದ ಕರು ಹಗ್ಗ ಬಿಚ್ಚಿದರೆ ಸಾಕು, ದನದ ಹಟ್ಟಿಯ ಹಿಂದೆ ಹೋಗಿ ಮಣ್ಣು ನೆಕ್ಕುತ್ತಿತ್ತು. ಹೊಟ್ಟೆಯಲ್ಲಿ ಹುಳ ಇರಬೇಕೆಂದು ಅವಳು ಅದಕ್ಕೆ ಕಹಿ ಕಷಾಯವನ್ನೂ ಕುಡಿಸಿದ್ದಳು.

“ಇವರೇ, ಕರು ಎಲ್ಲುಂಟು?”

ಇಬ್ಬರೂ ಹಟ್ಟಿಯ ಹಿಂದೆ ಓಡಿದರು. ದನದ ಜಾತಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ. ಆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ತುಕ್ರಪ್ಪನ ಕರುವಿಗೆ ಇತ್ತು. ಅಮ್ಮಣಿ ಸುರಿದ ಉಪ್ಪಿನ ಆಸೆಗೆ ನೆಕ್ಕಿ ನೆಕ್ಕಿ ಮಣ್ಣು ಸರಿದು ಮೇಲೆ ಬಂದ ಸೆಟ್ಟು ಅದರ ತುಟಿಗೆ ಸಿಕ್ಕಿಕೊಂಡಿತ್ತು. ಅದು ತಲೆ ಎತ್ತಿ, ಮನೆಯವರನ್ನು ನೋಡಿ ನಕ್ಕ ಹಾಗೆ ನಿಂತಿತ್ತು.

ತುಕ್ರಪ್ಪ ಬೆತ್ತ ಬಿಸಾಡಿ ಕರುವಿನ ಕುತ್ತಿಗೆ ಹಿಡಿದ. ಪೂವಮ್ಮ ಬೆರಳು ಹಾಕಿ ಸೆಟ್ಟು ತೆಗೆದಳು. ಒಂದು ಹಲ್ಲೂ ಹೋಗಿರಲಿಲ್ಲ. ಕುದಿಯುವ ನೀರಿಗೆ ಹಾಕುತ್ತೇನೆಂದು ಅವಳು, ಹಾಗೆ ಮಾಡಿದರೆ ಸೊಟ್ಟಗಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆಂದು ಅವನು. ಕೊನೆಗೆ ಅಂಟುವಾಳ ಹಾಕಿ ಐದು ಸಲ ತಿಕ್ಕಿದಳು. ಅಮ್ಮಣಿ ಪಕ್ಕದಲ್ಲಿ ನಿಂತು ನೋಡಿ, “ಒಂದೇ” ಎಂದು ತುಟಿ ಉಬ್ಬಿಸಿದಳು.

ಭಾನುವಾರ ಹತ್ತು ಗಂಟೆಗೆ ಪೊಳಲಿಯವರು ಆರು ಮಂದಿ ಬಂದರು. ಮಾಯಿಲಪ್ಪ ಶಾಲನ್ನು ಬಾಯಿಗೆ ಅಡ್ಡ ಹಿಡಿದು ಕೂತ. ಕೊಟ್ಟ ಚಕ್ಕುಲಿಯನ್ನು ಮುಟ್ಟಲಿಲ್ಲ. ಅದನ್ನು ನೋಡಿ ಕಾವೇರಮ್ಮ ತಟ್ಟೆಯನ್ನು ಅವನ ಹತ್ತಿರಕ್ಕೆ ಇನ್ನಷ್ಟು ಸರಿಸಿದಳು. ತುಕ್ರಪ್ಪ ವೀಳ್ಯ ಹಿಡಿದು ಎದ್ದು ನಿಂತ. “ನಮ್ಮ ಗುಲಾಬಿಯನ್ನು ನಿಮ್ಮ ಮನೆಗೆ ಕೊಡ್ತೇವೆ ಎಂದು ಹತ್ತು ಜನರ ಮುಂದೆ ಮಾತು ಕೊಡ್ತಾ ಇದ್ದೇನೆ” ಎಂದ. ಒಂದೊಂದು ಅಕ್ಷರವೂ ಗೇಟಿನವರೆಗೆ ಕೇಳಿಸಿತು.

ಅಷ್ಟರಲ್ಲಿ ಅಮ್ಮಣಿ ಚಾವಡಿಯ ನಡುವೆ ಬಂದು ನಿಂತು ಗಂಡಿನ ಕಡೆಯವರಿಗೆ ಹೇಳಿದಳು: “ಅಜ್ಜನ ಹಲ್ಲು ನಾನು ನೆಟ್ಟದ್ದು.”

ಈಗ ಮಾಯಿಲಪ್ಪ ಉತ್ತರ ಕೊಡಬೇಕಿತ್ತು. ಅವನು ತುಕ್ರಪ್ಪನ ಬಾಯಿಯನ್ನು ಬಹಳ ಹೊತ್ತು ನೋಡಿದ. ಶಾಲು ಕೆಳಗಿಳಿಸಿದ. ಹಲ್ಲು ಮೇಲೆಯೂ ಇಲ್ಲ, ಕೆಳಗೂ ಇಲ್ಲ, ಪೂರ್ತಿ ಬೋಳು. ಅವನು ಹೇಳಿದ್ದರಲ್ಲಿ ಒಪ್ಪಿಗೆ ಎಂಬ ಒಂದು ಶಬ್ದವನ್ನು ಎರಡೂ ಕಡೆಯವರು ಹೇಗೋ ಹಿಡಿದುಕೊಂಡರು. ವೀಳ್ಯ ತೆಗೆದುಕೊಂಡ ಮೇಲೆ ಅವನು ಮಗುವಿನ ಕಡೆ ಬಗ್ಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದ.

“ಇನ್ನೊಂದು ಸೆಟ್ಟು ಬರುವುದುಂಟಾ ಮಗಾ?”

“ಇಲ್ಲ. ಅಜ್ಜಿ ಅಗೆದ್ರು.”

ಊಟದಲ್ಲಿ ಇಬ್ಬರು ಸೋದರಮಾವಂದಿರೂ ಪಕ್ಕದಲ್ಲಿ ಕೂತು ಮಂಗಳೂರಿನ ಡಾಕ್ಟರ ಬಗ್ಗೆಯೇ ಮಾತಾಡಿದರು. ಸಂಜೆಯ ಬಸ್ಸು ತುಂಬಿತ್ತು. ಬಿಗಿಯ ಮನುಷ್ಯ ಮಾಯಿಲಪ್ಪ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಾ ಹೋದ.

ಸೋಮವಾರ ಬೆಳಗ್ಗೆ ಎಂಟರ ಬಸ್ಸು ಹೋದ ಮೇಲೆ ತುಕ್ರಪ್ಪ, ಅಮ್ಮಣಿ ಎರಡನೆಯ ಜಾಗಕ್ಕೆ ಹೋದರು. ಚರಂಡಿಯ ಅಂಚಿನಲ್ಲಿ ಒಂದು ಹೊಸ ಚಪ್ಪಲಿ ಬಿದ್ದಿತ್ತು. ನಿನ್ನೆ ಚಾವಡಿಯ ಮೆಟ್ಟಿಲ ಹತ್ತಿರ ಮಾಯಿಲಪ್ಪ ಬಿಟ್ಟಿದ್ದ ಜೋಡಿಯದೇ ಎಂದು ತುಕ್ರಪ್ಪ ಗುರುತು ಹಿಡಿದ. ಎಡಗಾಲಿನದು.

“ನೆಡುವಾ?” ಎಂದಳು ಅಮ್ಮಣಿ.

ತುಕ್ರಪ್ಪ ನಾಲಗೆಯಿಂದ ಹಲ್ಲನ್ನೊಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಮನೆಯ ಕಡೆ ತಿರುಗಿ ಪೂವಮ್ಮ ಎಲ್ಲಾದರೂ ಕಾಣುತ್ತಾಳೋ ಎಂದು ನೋಡಿದ.

“ನೆಡುವ. ಉಪ್ಪು ಬೇಡ.”