ಹಳ್ಳಕ್ಕೆ ಮಣ್ಣು ಹಾಕಲು ಬಿಡೆವು

ಶಿವಗಂಗೆ ಬೆಟ್ಟದ ಬುಡದಲ್ಲಿ, ಮುತ್ತಮ್ಮನವರ ಸೊಪ್ಪಿನ ತೋಟದ ಪಕ್ಕದಲ್ಲೇ ಒಂದು ಹಳ್ಳ. ಬಂಡೆಗಳ ಸಂದಿಯಿಂದ ಇಳಿದು ಬರುತ್ತದೆ. ಅದರ ಕೆಳಗೇ ಅವರ ಬಾವಿ. ಲೇಔಟ್ ಮಾಡಿಸುವ ಪಿಳ್ಳಪ್ಪ ಆ ಹಳ್ಳ ಮುಚ್ಚಿ ರಸ್ತೆ ಮಾಡಲು ಒಪ್ಪಿಗೆ ಕೇಳಿಕೊಂಡು ಬಂದ.

“ಅದೇನು ಹಳ್ಳನಾ ಮುತ್ತಕ್ಕ? ನೀರು ನಿಂತಿರೋ ಗುಂಡಿ. ನಾಳೆ ಬರ್ತೀನಿ, ಒಂದು ಸೈನ್ ಹಾಕ್ಬಿಡಿ.”

ಮುತ್ತಮ್ಮನವರಿಗೂ ಹೌದೆನ್ನಿಸಿತು. ಬೇಸಿಗೆಯಲ್ಲಿ ಅದು ಹರಿಯುವುದು ಕಣ್ಣಿಗೇ ಕಾಣುವುದಿಲ್ಲ.

ಸ್ತ್ರೀಶಕ್ತಿ ಸಂಘದ ಶಶಿರೇಖಾ ನೀರು ಅಳೆಯುವ ತರಬೇತಿಗೆ ಹೋಗಿ ಬಂದವರು. “ನೀರಿನ ಬಿಸಿ, ಹರಿವು ಎರಡೂ ಅಳೆದು ನೋಡೋಣ ಅಕ್ಕ. ಆಮೇಲೆ ಬೇಕಾದ್ರೆ ಸೈನ್ ಹಾಕಿ” ಎಂದರು.

ಮುತ್ತಮ್ಮ ಮೊಮ್ಮಗಳ ಥರ್ಮಾಮೀಟರ್ ಹಿಡಿದು ಬಂದರು.

“ಅಯ್ಯೋ, ಹಳ್ಳಕ್ಕೇನು ಜ್ವರ ಬಂದಿದ್ಯಾ? ಅದು ತಣ್ಣೀರಿಗೆ ಆಗಲ್ಲ” ಎಂದು ನಕ್ಕು, ಶಶಿರೇಖಾ ನೀರಿಗೆಂದೇ ಇರುವುದನ್ನು ಕೊಟ್ಟರು.

ಸುಡು ಮಧ್ಯಾಹ್ನ. ಹೋಲಿಸಲೆಂದು ಮೊದಲು ಪಕ್ಕದ ದನದ ತೊಟ್ಟಿಯ ನಿಂತ ನೀರಿಗೆ ಅದ್ದಿದರು; ಬಿಸಿ ತೋರಿಸಿತು. ಹಳ್ಳದ್ದನ್ನು ನೋಡಲು ಮುತ್ತಮ್ಮ ಥರ್ಮಾಮೀಟರನ್ನು ಹೊರಗೆತ್ತಿ, ಬಿಸಿಲಿಗೆ ಹಿಡಿದು ನಿಧಾನವಾಗಿ ಓದಿದರು. ಅದೂ ಬಿಸಿ!

“ನೋಡ್ದ್ಯಾ ಶಶಿ? ಪಿಳ್ಳಪ್ಪ ಹೇಳಿದ್ದೇ ಸರಿ.”

“ಎತ್ತಬೇಡಿ ಅಕ್ಕ. ನೀರೊಳಗೆ ಇದ್ದ ಹಾಗೇ ಓದ್ಬೇಕು.”

ಬಗ್ಗಿದ ಮುತ್ತಮ್ಮನವರ ತಲೆಗೆ ಶಶಿರೇಖಾ ತಮ್ಮ ಸೆರಗಿನ ನೆರಳು ಹಿಡಿದರು. ಈಗ ಓದಿದರೆ, ತೊಟ್ಟಿಗಿಂತ ಎಂಟು ಡಿಗ್ರಿ ಕಡಿಮೆ!

“ಇಂಥ ಬಿಸಿಲಲ್ಲೂ ತಣ್ಣಗಿದೆ ಅಂದ್ರೆ ಬೆಟ್ಟದ ಒಳಗಿಂದ ಒಸರ್ತಾ ಇದೆ. ನಿಂತ ನೀರು ಹೀಗಿರಲ್ಲ.”

ಹಳ್ಳಕ್ಕೆ ಅಡ್ಡವಾಗಿ ಸ್ವಲ್ಪ ಕೆಸರು ಮೆತ್ತಿ, ನಡುವೆ ಪೈಪಿನ ತುಂಡು ಇಟ್ಟು ಬಕೆಟ್ ಹಿಡಿದರು. ಎಲೆಅಡಿಕೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಬಕೆಟ್ ತುಂಬಿತು.

ಮರುದಿನ ಪಿಳ್ಳಪ್ಪ ಬಂದ. “ಸೈನ್ ಅಕ್ಕಾ?”

“ಚಪ್ಪಲಿ ಬಿಟ್ಟು ಹಳ್ಳದಲ್ಲಿ ನಿಂತ್ಕೋ. ಗುಂಡಿ ಅಂದ್ಯಲ್ಲ, ಕಾಲು ಸುಡುತ್ತಾ ನೋಡ್ತೀನಿ.”

“ಇಷ್ಟು ನೀರಿಗೆ ಎಷ್ಟು ರಾದ್ಧಾಂತ!”

“ಈ ಇಷ್ಟು ನೀರೇ ಕಣಪ್ಪ ನಮ್ ಬಾವಿಗೆ ಹೋಗೋದು. ಒಂದು ಬುಟ್ಟಿ ಮಣ್ಣು ಬೀಳ್ಲಿ ನೋಡು, ಇಡೀ ಸಂಘ ಪಂಚಾಯ್ತಿ ಬಾಗಿಲಲ್ಲಿ ಕೂರುತ್ತೆ!”

ಒಳಗಿಂದ ಗಂಡ ವೆಂಕಟರಮಣಪ್ಪ ಬಂದು ಪಿಳ್ಳಪ್ಪನ ಕೈಗೆ ಲೋಟ ಕೊಟ್ಟರು. “ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡ್ಕೊಂಡು ಹೋಗು. ಸೈನ್ ಮಾತ್ರ ಇಲ್ಲ.”

ಅಕ್ಕತಂಗಿಯರೇ, ನಿಮ್ಮೂರಿನ ಹಳ್ಳ ಸತ್ತಿದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಥರ್ಮಾಮೀಟರ್, ಬಕೆಟ್ ಹಿಡಿದು ಹಳ್ಳಕ್ಕೆ ಇಳಿಯಿರಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಅಳೆಯಿರಿ. ಅಳೆದದ್ದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿ. ಕೂತುಕೊಳ್ಳಿ ಎಂದರೂ ಕೂರಬೇಡಿ.