ಕೆಂಪು ಚುಕ್ಕಿಯ ಕಡುಬು

ಯಲಬುರ್ಗಿಯ ಕಳಕಪ್ಪನಿಗೆ ಬೇಸರ ಬಂತೆಂದರೆ ಹತ್ತಿರವಿದ್ದವರಲ್ಲಿ ಒಬ್ಬರಿಗೆ ಗ್ರಹಚಾರ ಕಾದಿರುತ್ತಿತ್ತು. ಕೆಟ್ಟವನೆಂದು ಅವನನ್ನು ಯಾರೂ ಅಂದಿರಲಿಲ್ಲ. ಹೆಣ ಹೊರಲು ಕರೆದರೆ ಮೊದಲು ಹೆಗಲು ಕೊಡುವವನು, ಅಕ್ಷರ ಬಾರದವರಿಗೆ ಊರಿಗೆ ಕಾಗದ ಬರೆದುಕೊಡುವವನು. ಆದರೆ ಕೆಲವರಿಗೆ ತಂಬಾಕು ಬೇಕಾದ ಹಾಗೆ ಅವನಿಗೆ ದಿನಕ್ಕೊಮ್ಮೆ ನಗು ಬೇಕಿತ್ತು. ತಾನಾಗಿ ಸಿಗದಿದ್ದರೆ ಇನ್ನೊಬ್ಬರಿಂದ ತೆಗೆದುಕೊಳ್ಳುತ್ತಿದ್ದ.

ರಂಗೂನಿನಲ್ಲಿ ಸೊಲ್ಲಾಪುರದ ಸೇಠರೊಬ್ಬರ ಬೇಳೆಕಾಳಿನ ವಖಾರಿಯಿತ್ತು. ಕಳಕಪ್ಪ ಅಲ್ಲಿ ಆರು ವರ್ಷದಿಂದ ಗುಮಾಸ್ತ. ನಲವತ್ತೊಂದನೆಯ ಇಸವಿಯ ಆರಂಭದಲ್ಲಿ ಕುಷ್ಟಗಿಯಿಂದ ಅಮರಪ್ಪನೆಂಬ ಇಪ್ಪತ್ತೆರಡರ ಹುಡುಗನನ್ನು ಅವನೇ ಕರೆಸಿಕೊಂಡ. ಅಮರಪ್ಪ ಬರುವಾಗ ತಾಯಿ ಶೇಖರಮ್ಮ ಕಟ್ಟಿಕೊಟ್ಟ ಒಂದು ಡಬ್ಬಿ ಒಣರೊಟ್ಟಿ, ಒಂದು ಗಡಿಗೆ ಶೇಂಗಾ ಹಿಂಡಿ, ಮತ್ತು ಕೊರಳಲ್ಲಿ ಲಿಂಗದ ಕರಡಿಗೆ ತಂದಿದ್ದ. ಕುಷ್ಟಗಿಯ ಅಡತಿ ಅಂಗಡಿ ಅಂದಪ್ಪನವರ ಮಗಳು ಪಾರ್ವತೆಮ್ಮನ ಜೊತೆ ನಿಶ್ಚಯ ಆಗಿತ್ತು. ಒಂದು ವರ್ಷ ದುಡಿದು ಬಂದು ಅಕ್ಕಿಕಾಳು ಹಾಕಿಸಿಕೊಳ್ಳುವುದೆಂದು ಮಾತು. ಹುಡುಗಿಯ ಹೆಸರು ತೆಗೆದರೆ ಅಮರಪ್ಪನ ಕಿವಿ ಕೆಂಪಾಗುತ್ತಿದ್ದವು. ಕಳಕಪ್ಪ ದಿನಾ ತೆಗೆಯುತ್ತಿದ್ದ.

ಅಮರಪ್ಪನ ಆಚಾರ ವಖಾರಿಗೆಲ್ಲ ನೋಟವಾಗಿತ್ತು. ಏನೇ ತಿನ್ನುವುದಿದ್ದರೂ, ಒಂದು ಬಾಳೆಹಣ್ಣಾದರೂ ಸರಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಮೊದಲ ತುತ್ತು ತೋರಿಸಿಯೇ ಬಾಯಿಗೆ ಹಾಕುವವನು. ಕಳಕಪ್ಪನೂ ಲಿಂಗವಂತನೇ. ಆದರೆ ಅವನ ಕರಡಿಗೆ ಗೂಟಕ್ಕೆ ತೂಗುತ್ತಿತ್ತು, ಊರಿನಿಂದ ಯಾರಾದರೂ ಬಂದಾಗ ಮಾತ್ರ ಕೊರಳಿಗೆ ಇಳಿಯುತ್ತಿತ್ತು.

ಒಂದು ಐತವಾರ ವಖಾರಿಯ ಅಡಿಗೆಯವನು ಜ್ವರ ಬಂದು ಮಲಗಿದ. ರೊಟ್ಟಿಯ ಡಬ್ಬಿ ಎಂದೋ ಬರಿದಾಗಿತ್ತು. ಹಸಿದ ಹುಡುಗನನ್ನು ಕಳಕಪ್ಪ ಚೀನೀಯರ ಓಣಿಯ ದೊಡ್ಡ ಚಹಾದಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಚಹಾ ನೆಪಕ್ಕೆ. ಕೊರಳಿಗೆ ಪಟ್ಟಿ ಹಾಕಿ ಎದೆಯ ಮುಂದೆ ತಟ್ಟೆ ಹೊತ್ತವರು ಮೇಜುಗಳ ನಡುವೆ ಕೂಗುತ್ತ ತಿರುಗುತ್ತಾರೆ. ತಟ್ಟೆಯ ಮೇಲೆ ಅಂಗೈಯಗಲದ ಬಿದಿರ ಬುಟ್ಟಿಗಳು, ಬುಟ್ಟಿಯೊಳಗೆ ಹಬೆಯಲ್ಲಿ ಬೆಂದ ಮೂರು ನಾಲ್ಕು ತಿನಿಸು. ಬೇಕಾದದ್ದನ್ನು ಬೆರಳು ಮಾಡಿ ಇಳಿಸಿಕೊಳ್ಳಬೇಕು. ಇದಕ್ಕೆಲ್ಲ ಸೇರಿ ದಿಮ್ ಸಮ್ ಎನ್ನುತ್ತಾರೆಂದು ಕಳಕಪ್ಪ ತಾನೇ ಹೆಸರಿಟ್ಟವನಂತೆ ಹೇಳಿದ. ಬಾಗಿಲಲ್ಲಿ ಕೆಂಪಗೆ ಸುಟ್ಟ ಹಂದಿಯ ಪಕ್ಕೆಗಳನ್ನು ಕೊಂಡಿಗೆ ತೂಗುಹಾಕಿದ್ದರು. ಅಮರಪ್ಪ ಮೂಗಿಗೆ ಧೋತರದ ಚುಂಗು ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂತ.

ಕಳಕಪ್ಪ ಒಂದು ಬುಟ್ಟಿ ಇಳಿಸಿದ. ಬೆಳ್ಳಗೆ, ಉಬ್ಬಿ, ನೆತ್ತಿಯ ಮೇಲೆ ಕುಂಕುಮದಂಥ ಕೆಂಪು ಚುಕ್ಕಿಯಿದ್ದ ಮೂರು ಕಡುಬು. ಒಳಗೆ ಬರೀ ಕಾಳಿನ ಹೂರಣ, ಚುಕ್ಕಿಯಿಟ್ಟದ್ದು ಸಿಹಿಯ ಗುರುತು, ಚುಕ್ಕಿಯಿಲ್ಲದ್ದನ್ನು ಮುಟ್ಟಬೇಡ ಎಂದು ಸಮಾಧಾನವಾಗಿ ತಿಳಿಸಿದ. ಅಷ್ಟೂ ನಿಜವೇ. ಚುಕ್ಕಿಯಿಲ್ಲದ್ದನ್ನು ಅವನು ಆರು ವರ್ಷದಿಂದ ತಿನ್ನುತ್ತಿದ್ದ. ಆ ದಿನ ಮಾತ್ರ ಬರೀ ಚಹಾ ಕುಡಿದ. ತಮಾಷೆ ನೋಡುವವನ ಬಾಯಿ ಖಾಲಿ ಇರಬೇಕು.

ಅಮರಪ್ಪ ಕರಡಿಗೆ ಬಿಚ್ಚಿದ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡ, ಕಡುಬು ಮುರಿದು ತೋರಿಸಿದ, ತಿಂದ. ಹಸಿವೆಗೆ ಎರಡನೆಯದನ್ನೂ ತಿಂದು, ನಮ್ಮವ್ವ ಮಾಡಿದ್ದಕ್ಕಿಂತ ಸಪ್ಪಗದ ಎಂದ. ಮೂರನೆಯದಕ್ಕೆ ಕೈ ಚಾಚಿದಾಗ ಕಳಕಪ್ಪ ಬಟ್ಟಲು ಕೆಳಗಿಟ್ಟ.

"ತಮ್ಮಾ, ಆ ಕೆಂಪು ಚುಕ್ಕಿ ಯಾತರ ಗುರುತು ಗೊತ್ತೈತೇನು? ಬಾಗಲದಾಗ ತೂಗಾಕತ್ತೈತಲ್ಲ, ಅದರದು."

ಹುಡುಗ ಕೂಗಿಕೊಳ್ಳುತ್ತಾನೆ, ಓಡುತ್ತಾನೆ, ಓಣಿಯೆಲ್ಲ ಉಗುಳುತ್ತಾನೆ ಎಂದು ಕಳಕಪ್ಪ ಲೆಕ್ಕ ಹಾಕಿದ್ದ. ಅಮರಪ್ಪ ಅದೇನೂ ಮಾಡಲಿಲ್ಲ. ಲಿಂಗವಿದ್ದ ಎಡಗೈಯನ್ನು ಮುಚ್ಚಬೇಕೋ ಬಿಚ್ಚಿಯೇ ಇರಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ಕೂತ. ತಾನು ತಿಂದದ್ದಿರಲಿ, ಅದಕ್ಕೆ ತೋರಿಸಿದೆನಲ್ಲ ಎಂಬುದು ಅವನ ತಲೆಯಲ್ಲಿ ನಿಧಾನಕ್ಕೆ ಇಳಿಯುತ್ತಿತ್ತು. ಇಳಿಯುವುದು ಕಾಣುತ್ತಿತ್ತು.

ಚಹಾ ಮುಗಿದ ಮೇಲೆ ನಿಜ ಹೇಳಿ ನಕ್ಕರಾಯಿತು ಎಂದುಕೊಂಡಿದ್ದ ಕಳಕಪ್ಪ. ಆಮೇಲೆ ಸಂಜೆಗೆ ಎಂದುಕೊಂಡ. ಹುಡುಗ ಸಂಜೆ ಉಣ್ಣಲಿಲ್ಲ. ಮರುದಿನಕ್ಕಾದರೆ ಇನ್ನೂ ರುಚಿ ಎನಿಸಿತು. ಹುಲ್ಲಿನಲ್ಲಿ ಅಡಿಹಾಕಿದ ಮಾವಿನಕಾಯಿಯನ್ನು ದಿನಾ ಒತ್ತಿ ನೋಡುವವನ ಹಾಗೆ ಆ ನಗೆಯನ್ನು ಒತ್ತಿ ನೋಡುತ್ತ ಮೂರು ದಿನ ಕಳೆದ. ನಾಲ್ಕನೆಯ ದಿನ ಅಮರಪ್ಪ ನೀರಷ್ಟೇ ಕುಡಿದು, ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಹಡಗು ಹತ್ತಿಬಿಟ್ಟ. ನಿಜದ ಸಂಗತಿಯನ್ನು ಕಳಕಪ್ಪ ಉಳಿದ ಗುಮಾಸ್ತರಿಗೆ ಹೇಳಿದ. ಆ ನಗು ಒಂದು ವಾರ ನಡೆಯಿತು.

ಕುಷ್ಟಗಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಮರಪ್ಪ ಇಳಿದವನೇ ನೆಟ್ಟಗೆ ಮಠಕ್ಕೆ ಹೋಗಿ, ನಾಲ್ಕು ಜನರ ಎದುರಿಗೇ ಆದದ್ದನ್ನು ಒಪ್ಪಿಸಿದ. ತಿಂದೆ, ಆಮೇಲೆ ಹಂದಿಯದೆಂದು ತಿಳಿಯಿತು, ಕಳಕಪ್ಪಣ್ಣ ಜೊತೆಗಿದ್ದರೂ ಬರೀ ಚಹಾ ಕುಡಿದ ಎಂದ. ತಿಳಿಸಿದವನು ಯಾರೆಂಬುದನ್ನು ಮಾತ್ರ ಬಿಟ್ಟ, ಅಣ್ಣನಿಗೆ ಮಾತು ಬರಬಾರದೆಂದು. ಸ್ವಾಮಿಗಳು ಅರಿಯದೆ ಆದದ್ದು ಎಂದು ಹೇಳಿ ಹೊಸ ಲಿಂಗ ಕಟ್ಟಿ ಕಳಿಸಿದರು. ಅದಕ್ಕೆ ಊರು ಹೇಳಿದ್ದು ಇಷ್ಟೇ: ಸ್ವಾಮಿಗಳು ದೊಡ್ಡವರು, ಕ್ಷಮಿಸುತ್ತಾರೆ, ನಾವು ಸಣ್ಣವರು.

ಊಟದ ಸಾಲಿನಲ್ಲಿ ಅಮರಪ್ಪನ ಎರಡೂ ಬದಿಗೆ ಒಬ್ಬೊಬ್ಬರಷ್ಟು ಜಾಗ ತೆರವು ಬೀಳತೊಡಗಿತು. ಅಂದಪ್ಪನವರು ಲಗ್ನ ಮುರಿಯಲಿಲ್ಲ, ತಡೆದರು. ಶೇಖರಮ್ಮ ಜಗಳ ತೆಗೆದಿದ್ದಳು: ನನ್ನ ಮಗ ಕಣ್ಣಿಂದ ಕಂಡನೇ, ಅದು ಹೂರಣವೇ ಯಾಕಾಗಿರಬಾರದು? ಹಾಗಿದ್ದರೆ ಜೊತೆಗಿದ್ದ ಕಳಕಪ್ಪ ಬಂದು ಹೇಳಲಿ ಎಂದು ಅಂದಪ್ಪನವರು ಕೈ ತೊಳೆದುಕೊಂಡರು. ಶೇಖರಮ್ಮ ರಂಗೂನಿಗೆ ಎರಡು ಕಾಗದ ಬರೆಸಿದಳು. ಎರಡೂ ಮುಟ್ಟಿದವು. ಕಳಕಪ್ಪ ಓದಿ, ಗೆಳೆಯರಿಗೂ ಓದಿ ಹೇಳಿ, ಉತ್ತರ ನಾಳೆ ಬರೆಯೋಣವೆಂದು ದಿಂಬಿನ ಕೆಳಗಿಟ್ಟ.

ಡಿಸೆಂಬರಿನಲ್ಲಿ ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರು. ಕಳಕಪ್ಪ ಸಾವಿರಾರು ಜನರೊಂದಿಗೆ ಕಾಡು ಗುಡ್ಡ ನಡೆದು, ಹುಣ್ಣಾದ ಪಾದ ಹೊತ್ತು, ಬೇಸಿಗೆಯ ಹೊತ್ತಿಗೆ ಯಲಬುರ್ಗಿ ಸೇರಿದ. ಸತ್ತು ಬದುಕಿ ಬಂದವನೆಂದು ಓಣಿಯವರು ಅವನಿಗೆ ಹಾಲು ತಂದುಕೊಟ್ಟರು. ಕರಡಿಗೆ ಕೊರಳಿಗೆ ಇಳಿದಿತ್ತು.

ಶೇಖರಮ್ಮ ಚಕ್ಕಡಿ ಮಾಡಿಕೊಂಡು ಬಂದಳು.

"ನನ್ನ ಮಗ ತಿಂದದ್ದು ಏನು ಅಂತ ಕೇಳಾಕ ಬಂದಿಲ್ಲಪಾ ಕಳಕಪ್ಪ. ಏನರ ತಿಂದಿರಲಿ. ನೀ ಬಂದು ಕಾಳಿನ ಹೂರಣ ಅಂತ ಒಂದು ಮಾತು ಅಂದುಬಿಡು. ಸುಳ್ಳಾಡಿದ ಪಾಪ ನನ್ನ ಉಡ್ಯಾಗ ಹಾಕು."

ಐದು ತಿಂಗಳಲ್ಲಿ ಕಳಕಪ್ಪನಿಗೆ ಮೊದಲ ಸಲ ಹೊಟ್ಟೆಯಿಂದ ನಗು ಬಂತು. ತಡೆದುಕೊಂಡ.

"ಸುಳ್ಳ ಹೇಳೂದು ನನ್ನ ಕೈಲೆ ಆಗೂದಿಲ್ಲ ಚಿಗವ್ವ. ಖರೇ ಇದ್ದದ್ದ ಹೇಳತೀನಿ."

ಅವಳು ಅದನ್ನು ಒಲ್ಲೆನೆಂಬ ಮಾತೆಂದೇ ತಿಳಿದು ಅವನ ಹುಣ್ಣಿನ ಪಾದ ಹಿಡಿದು ಅತ್ತಳು. ಕಳಕಪ್ಪ ಸ್ವಲ್ಪ ಹೊತ್ತು ಅಳಲು ಬಿಟ್ಟ. ಬರುತ್ತೇನೆಂದು ಆಮೇಲೆ ಹೇಳಿದ.

ಅಂದಪ್ಪನವರ ಪಡಸಾಲೆಯಲ್ಲಿ ಓಣಿಯ ಹಿರಿಯರು ಕೂಡಿದ್ದರು. ಅಮರಪ್ಪ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ಒಳಗೆ ಕರೆದಿರಲಿಲ್ಲ. ಪಾರ್ವತೆಮ್ಮ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಬಳೆಯ ಸದ್ದು ಕೇಳಿ ಕಳಕಪ್ಪ ಆ ಕಡೆಗೊಮ್ಮೆ ನೋಡಿದ.

"ಅದು ಹೂರಣರಿ," ಎಂದ. "ಕೆಂಪು ಅಲಸಂದಿ ಇದ್ದಂಗ ಒಂದು ಕಾಳು, ಕುದಿಸಿ ಸಕ್ಕರಿ ಹಾಕಿ ರುಬ್ಬಿರತಾರ. ಚುಕ್ಕಿ ಇದ್ದದ್ದು ಸಿಹಿ, ಇಲ್ಲದ್ದು ಮಾಂಸದ್ದು. ಅಲ್ಲಿ ಸಣ್ಣ ಕೂಸಿಗೂ ಗೊತ್ತೈತಿ."

ಹಿರಿಯರು ಅವನನ್ನು ನೋಡಲಿಲ್ಲ, ಶೇಖರಮ್ಮನನ್ನು ನೋಡಿದರು. ಮಗು ಸಾಲಿಯಲ್ಲಿ ಪದ್ಯ ಒಪ್ಪಿಸುವಾಗ ತಾಯಿ ತಾನೂ ತುಟಿ ಅಲ್ಲಾಡಿಸುವಂತೆ ಅವಳು ಒಂದೊಂದು ಮಾತಿಗೂ ಗೋಣು ಹಾಕುತ್ತಿದ್ದಳು. ಅವಳು ಚಕ್ಕಡಿ ಹೂಡಿ ಯಲಬುರ್ಗಿಗೆ ಹೋಗಿದ್ದು ಎಲ್ಲರಿಗೂ ಗೊತ್ತಿತ್ತು.

"ಹಂಗಾರ," ಎಂದರು ಅಂದಪ್ಪನವರು ಮೆಲ್ಲಗೆ, "ಹಂದೀದು ಅಂತ ಈ ಹುಡುಗಗ ಹೇಳಿದವರು ಯಾರ್ರಿ?"

ಒಂದೇ ಮಾತು ಬೇಕಿತ್ತು. ನಾನೇ, ನಗೆಚಾಟಿಕೆಗೆ. ಅಷ್ಟು ಅಂದಿದ್ದರೆ ಅಮರಪ್ಪ ಕಟ್ಟೆಯಿಂದ ಎದ್ದು ಒಳಗೆ ಬರುತ್ತಿದ್ದ, ಕಳಕಪ್ಪ ಕಟ್ಟೆಗೆ ಹೋಗಬೇಕಾಗುತ್ತಿತ್ತು. ಕಳಕಪ್ಪ ಕಾಡು ದಾಟಿ ಬಂದವನು. ಹಾಲಿನ ರುಚಿ ಇನ್ನೂ ಬಾಯಲ್ಲಿತ್ತು.

"ಅಲ್ಲಿ ಒಬ್ಬ ಚೀನ್ಯಾ ಅಂದ್ನರಿ, ಚಾಷ್ಟಿಗೆ. ಇಂವ ಖರೇ ತಿಳಕೊಂಡಾನ."

ಹೊರಗಿನಿಂದ ಅಮರಪ್ಪನ ದನಿ ಬಂತು.

"ಸಾಕು ಬಿಡು ಕಳಕಪ್ಪಣ್ಣ. ಚೀನ್ಯಾ ಯಾವನೂ ಅಂದಿಲ್ಲ. ನೀನ ಹೇಳಿದಿ ನನಗ, ಎದುರಿಗೆ ಕುಂತು. ಗುಟ್ಟು ಮಾಡದ ಹೇಳಿದಿ, ಅದು ದೊಡ್ಡ ಉಪಕಾರ. ಈಗ ನನ್ನ ಸಲುವಾಗಿ ನೀ ಸುಳ್ಳ ಆಡಿ ಬಾಯಿ ಹೊಲಸು ಮಾಡಿಕೊಳ್ಳಬ್ಯಾಡ."

ಶೇಖರಮ್ಮ ಎದ್ದು ಹೊರಗೆ ಹೋಗಿ ಮಗನ ಬೆನ್ನಿಗೆ ಎರಡು ಗುದ್ದಿ, ನಿನ್ನ ಖರೇತನ ನಾಯಿ ತಿನ್ನಲಿ ಎಂದಳು. ಅಮರಪ್ಪ ಗುದ್ದಿಸಿಕೊಂಡ. ಕಳಕಪ್ಪ ತಲೆ ತಗ್ಗಿಸಿದ್ದನ್ನು ಹಿರಿಯರು ಸಿಕ್ಕಿಬಿದ್ದ ಒಳ್ಳೆಯವನ ನಾಚಿಕೆಯೆಂದು ಎಣಿಸಿದರು. ತಪ್ಪಾದಾಗ ಗೆಳೆಯನಿಗೆ ನಿಜ ಹೇಳುವ ಎದೆಗಾರಿಕೆ, ಕಷ್ಟ ಬಂದಾಗ ಅವನಿಗಾಗಿ ಸುಳ್ಳು ಹೇಳುವ ಅಂತಃಕರಣ, ಎರಡೂ ಒಬ್ಬನಲ್ಲೇ ಇರುವುದು ಅಪರೂಪವೆಂದು ಒಬ್ಬರು ಅಂದೂ ಅಂದರು.

ಜನ ಚದುರಿದ ಮೇಲೆ ಅಂದಪ್ಪನವರು ಕಳಕಪ್ಪನನ್ನು ತಡೆದು ಊಟಕ್ಕೆ ಕೂಡ್ರಿಸಿದರು. ಪಾರ್ವತೆಮ್ಮ ಬಡಿಸಿದಳು. ಅವಳ ಕಣ್ಣು ಕೆಂಪಗಿದ್ದವು.

"ನಿಮಗ ಇನ್ನೂ ಲಗ್ನ ಆಗಿಲ್ಲಂತಲ್ರಿ?" ಎಂದು ಅಂದಪ್ಪನವರು ಕೇಳಿದರು.

ಇಲ್ಲವೆಂದ ಕಳಕಪ್ಪ. ಆ ಮಾತನ್ನು ಅವರು ಕೂಡಲೇ ನಂಬಿದರು.